ಆಕಿ ಏನು ತಪ್ಪು ಮಾಡಿದ್ಲು?

ಮಧ್ಯಾಹ್ನ ಊಟ ಮುಗಿದ ಮೇಲೆ ಇಳಕಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ ಓಣಿಯ ನಾಲ್ಕಾರು ಹೆಣ್ಣುಮಕ್ಕಳು ಸೇರುವುದುಂಟು. ನಾನು ಏನಾದರೂ ಓದುತ್ತೇನೆ. ಅವರು ಕಂಡಿಕೆ ಸುತ್ತುತ್ತ, ಕಾಳು ಹಸನು ಮಾಡುತ್ತ ಕೇಳುತ್ತಾರೆ. ಮೊನ್ನೆ ಬಾದಾಮಿಯ ಗೆಳತಿ ಕೊಟ್ಟ ಒಂದು ಪುಸ್ತಕ ಕೈಯಲ್ಲಿತ್ತು. ಸ್ನೇಹಲತಾ ರೆಡ್ಡಿಯವರ ಜೈಲಿನ ದಿನಚರಿ. 1977ರಲ್ಲಿ ಅಚ್ಚಾದದ್ದು. ಇಂಗ್ಲಿಷಿನಲ್ಲಿದ್ದುದರಿಂದ ನಾನೇ ಓದಿ ನಮ್ಮ ಮಾತಿನಲ್ಲಿ ಹೇಳುತ್ತಿದ್ದೆ. ಅಷ್ಟರಲ್ಲಿ ಪಕ್ಕದ ಮನೆಯ ನೇಕಾರ ಹೆಣ್ಣುಮಗಳು ತಡೆದು ಕೇಳಿದಳು: ‘ಅಲ್ರೀ ಅಕ್ಕಾರ, ಆಕಿ ಏನು ತಪ್ಪು ಮಾಡಿದ್ಲು?’

ಥಟ್ಟನೆ ಉತ್ತರ ಹೊಳೆಯಲಿಲ್ಲ.

ಸ್ನೇಹಲತಾ ಎಂದರೆ ನನಗೆ ‘ಸಂಸ್ಕಾರ’ ಚಿತ್ರದ ಚಂದ್ರಿ. ಬಾಗಲಕೋಟೆಯ ಟಾಕೀಜಿನಲ್ಲಿ ಆ ಚಿತ್ರ ನೋಡಿದ್ದೆ. ಅದರ ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ಆಕೆಯ ಗಂಡ. ತುರ್ತು ಪರಿಸ್ಥಿತಿಯಲ್ಲಿ ತಲೆಮರೆಸಿಕೊಂಡಿದ್ದ ಜಾರ್ಜ್ ಫರ್ನಾಂಡಿಸರಿಗೆ ಈ ಕುಟುಂಬ ಆಪ್ತವಾಗಿತ್ತು. ಕೇಂದ್ರದ ಸಿಬಿಐ ಬರೋಡಾ ಡೈನಮೈಟ್ ಪ್ರಕರಣದ ತನಿಖೆ ನಡೆಸಿತ್ತು. ಜಾರ್ಜ್ ಎಲ್ಲಿದ್ದಾರೆಂದು ಬಾಯಿಬಿಡಿಸಲು ಅವರ ತಮ್ಮ ಲಾರೆನ್ಸರನ್ನು ಬೆಂಗಳೂರಿನಲ್ಲಿ ಪೋಲೀಸರು ಹಿಂಸಿಸಿದರು. 1976ರ ಮೇ 2ರಂದು ಸ್ನೇಹಲತಾರನ್ನು ಬಂಧಿಸಿದರು.

ಈಗ ದಿನಾಂಕಗಳನ್ನು ನೋಡಿ. ಜಾರ್ಜ್ ಕಲ್ಕತ್ತೆಯಲ್ಲಿ ಸಿಕ್ಕಿದ್ದು ಜೂನ್ 10ರಂದು. ಹುಡುಕುತ್ತಿದ್ದವನು ಸಿಕ್ಕ ಮೇಲೂ ಈಕೆಯನ್ನು ಬಿಡಲಿಲ್ಲ. ಕೊನೆಗೆ ಸಲ್ಲಿಸಿದ ಆರೋಪಪಟ್ಟಿಯಲ್ಲಿ ಈಕೆಯ ಹೆಸರೇ ಇರಲಿಲ್ಲ. ಆದರೂ ಮೀಸಾ ಕಾಯ್ದೆಯ ಕೆಳಗೆ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ, ಇಂದು ಫ್ರೀಡಂ ಪಾರ್ಕ್ ಆಗಿರುವ ಜಾಗದಲ್ಲಿ, ಎಂಟು ತಿಂಗಳಿಗೂ ಹೆಚ್ಚು ಕಾಲ ಇಟ್ಟರು. ತನಿಖೆ ದಿಲ್ಲಿಯದು, ಜೈಲು ಬೆಂಗಳೂರಿನದು. ಯಾರನ್ನು ಕೇಳಬೇಕು? ಆಕೆಗೆ ತೀವ್ರ ಆಸ್ತಮಾ. ಅದೇ ಜೈಲಿನಲ್ಲಿದ್ದ ಮಧು ದಂಡವತೆಯವರು ರಾತ್ರಿಯ ಮೌನದಲ್ಲಿ ಆಕೆಯ ಕೂಗು ಕೇಳುತ್ತಿತ್ತೆಂದು ಬರೆದಿದ್ದಾರೆ. 1977ರ ಜನವರಿ 15ರಂದು ಪೆರೋಲಿನ ಮೇಲೆ ಹೊರಗೆ ಕಳಿಸಿದರು. 20ರಂದು ಆಕೆ ತೀರಿಕೊಂಡರು.

ಇಂಥದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಅಮೆರಿಕೆಯಲ್ಲಿ ಕರಿಯರ ನಾಗರಿಕ ಹಕ್ಕುಗಳಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗರ ಟೆಲಿಫೋನಿಗೆ ಅಲ್ಲಿಯ ಕೇಂದ್ರದ ತನಿಖಾ ಸಂಸ್ಥೆ ಎಫ್‌ಬಿಐ ಕಿವಿಯಿಟ್ಟಿತ್ತು. 1964ರಲ್ಲಿ ಹೆಸರಿಲ್ಲದ ಒಂದು ಪತ್ರವನ್ನೂ ಕದ್ದು ಮುದ್ರಿಸಿದ ಟೇಪನ್ನೂ ಕಳಿಸಿತು. ನೀನು ಬದುಕಿರಬಾರದು ಎಂಬರ್ಥದ ಪತ್ರ. ಆ ಪೊಟ್ಟಣವನ್ನು ಬಿಚ್ಚಿದ್ದು ಹೆಂಡತಿ ಕೊರೆಟ್ಟಾ. ಪೋಲೀಸರ ಕಡತದ ಮಾತು ಹೀಗೆ ಅಡುಗೆಮನೆಯವರೆಗೂ ಬರುತ್ತದೆ. ಈ ಸಂಗತಿಗಳನ್ನೆಲ್ಲ ಬಯಲಿಗೆಳೆದ ಸೆನೆಟ್ ಸಮಿತಿಯ ವರದಿ ಹೊರಬಂದದ್ದು 1976ರ ಏಪ್ರಿಲ್‌ನಲ್ಲಿ. ಅದೇ ತಿಂಗಳ 28ರಂದು ನಮ್ಮ ಸುಪ್ರೀಂ ಕೋರ್ಟು, ತುರ್ತು ಪರಿಸ್ಥಿತಿಯಲ್ಲಿ ಬಂಧಿತರು ಬಿಡುಗಡೆಗಾಗಿ ಕೋರ್ಟಿನ ಬಾಗಿಲು ತಟ್ಟುವಂತಿಲ್ಲ ಎಂದಿತು. ಒಪ್ಪದವರು ನ್ಯಾಯಮೂರ್ತಿ ಖನ್ನಾ ಒಬ್ಬರೇ. ನಾಲ್ಕು ದಿನ ಕಳೆಯುವುದರೊಳಗೆ ಸ್ನೇಹಲತಾ ಒಳಗಿದ್ದರು.

ನಮ್ಮಲ್ಲಿ ಈ ದಿನಚರಿಯನ್ನು ತ್ಯಾಗದ ಕಥೆಯೆಂದು ಹೊಗಳಿ ಕಣ್ಣೊರೆಸಿಕೊಳ್ಳುವುದು ರೂಢಿ. ನನಗೆ ಅದು ಸರಿ ಕಾಣುವುದಿಲ್ಲ. ಆಕೆ ಸಾಯಲು ಹೊರಟವರಲ್ಲ, ಮಕ್ಕಳಿದ್ದ ತಾಯಿ, ಔಷಧ ಬೇಕಾಗಿದ್ದ ರೋಗಿ. ತ್ಯಾಗ ಎಂದುಬಿಟ್ಟರೆ ಒಳಗಿಟ್ಟವರು ಲೆಕ್ಕ ಕೊಡದೆ ಪಾರಾಗುತ್ತಾರೆ. ಪೋಲೀಸರ ಕಡತದಲ್ಲಿ ಇರದ ಸಂಗತಿಯನ್ನು ಈ ದಿನಚರಿ ಹಿಡಿದಿಟ್ಟಿದೆ ಎಂಬುದೇ ದೊಡ್ಡದು. ಜೊತೆಯ ಕೈದಿ ಹೆಂಗಸರಿಗಾಗಿಯೂ ಆಕೆ ಮಿಡಿದರು, ಜಗಳಾಡಿದರು. ಒಂದು ಕೊರತೆಯನ್ನೂ ಹೇಳಬೇಕು. ಆ ಬಡ ಹೆಂಗಸರು ಆಕೆಯ ಕಣ್ಣಿನಿಂದಲೇ ನಮಗೆ ಕಾಣುತ್ತಾರೆ. ಅವರ ಕೈಗೆ ಲೇಖನಿ ಸಿಕ್ಕಿದ್ದರೆ ಏನು ಬರೆಯುತ್ತಿದ್ದರೋ!

ಆಗ ನಮ್ಮ ಹುನಗುಂದ ವಿಜಾಪುರ ಜಿಲ್ಲೆಯಲ್ಲಿತ್ತು. ಅಪ್ಪ ಯಾರಿಂದಲೋ ಇಸಿದುಕೊಂಡು ತಂದಿದ್ದ ಕರಪತ್ರಗಳನ್ನು ಒಂದು ರಾತ್ರಿ ಅವ್ವ ಒಲೆಗೆ ಹಾಕಿದಳು. ‘ನಾಳೆ ಪೋಲೀಸರು ಬಂದ್ರ ಹುಡುಗರನ್ನ ಯಾರು ನೋಡ್ತಾರ?’ ಎಂದಳು. ಹೈಸ್ಕೂಲಿನಲ್ಲಿದ್ದ ನಾನು ಅವಳನ್ನು ಪುಕ್ಕಲಿ ಎಂದುಕೊಂಡಿದ್ದೆ. ಆ ಭಯ ಅವಳೊಳಗೆ ತಾನಾಗಿ ಹುಟ್ಟಿದ್ದಲ್ಲ, ಯಾರೋ ಮನೆಮನೆಗೂ ಹಂಚಿದ್ದು ಎಂದು ಈ ಪುಸ್ತಕ ಓದಿದಾಗ ಅರ್ಥವಾಯಿತು. ಅವ್ವ ಈಗಿಲ್ಲ. ಇದ್ದಿದ್ದರೆ ಈ ಮಾತು ಅವಳಿಗೇ ಹೇಳುತ್ತಿದ್ದೆ.

ಇಷ್ಟನ್ನೂ ಪಕ್ಕದ ಮನೆಯವಳಿಗೆ ಬಿಡಿಸಿ ಹೇಳಿದೆ. ಅವಳು ಕಂಡಿಕೆ ಕೆಳಗಿಟ್ಟಳು. ‘ಹಂಗಾದ್ರ ತಪ್ಪು ಮಾಡಿದವ್ರು ಬ್ಯಾರೇನ ಅದಾರ ಅನ್ರಿ. ಅವರನ್ನ ಯಾರು ಕೇಳಿದ್ರು?’ ಎಂದಳು.

ಮೊದಲ ಪ್ರಶ್ನೆಯಿಂದ ಈ ಪ್ರಶ್ನೆಗೆ ಒಬ್ಬ ಓದುಗಳನ್ನು ತಂದು ನಿಲ್ಲಿಸಿತಲ್ಲ, ಈ ದಿನಚರಿಯ ಬೆಲೆ ಅಷ್ಟರಲ್ಲೇ ಇದೆ.