ಚಳಿಗಾಲದಲ್ಲಿ ಕಾಟ ಕೊಡುವುದು ಧೂಳು

ಕಪ್ಪು-ಬಿಳುಪು ರೀಲು ಹಾಕಿಕೊಂಡು ಹಂಪಿಗೆ ಹೊರಟವರಿಗೆ ಸಿಗುವ ಬುದ್ಧಿಮಾತು ಒಂದೇ: ವೆದರ್‌ಪ್ರೂಫ್ ಕ್ಯಾಮೆರಾ ಮಳೆಗಾಲಕ್ಕಿರಲಿ, ಚಳಿಗಾಲಕ್ಕೆ ಯಾವುದಾದರೂ ನಡೆದೀತು. ನಾನು ಇದನ್ನು ಒಪ್ಪುವುದಿಲ್ಲ. ಈ ಸೀಮೆಯಲ್ಲಿ ಬಿಗಿಯಾಗಿ ಮುಚ್ಚಿದ ಕ್ಯಾಮೆರಾ ಬೇಕಾಗುವುದೇ ಮಳೆ ನಿಂತ ಮೇಲೆ.

ಬ್ಯಾಟರಿಯನ್ನು ಜೇಬಿನಲ್ಲಿ ಬೆಚ್ಚಗಿಡಿ ಎಂಬಂಥ ಎಚ್ಚರಿಕೆಗಳು ಹಿಮ ಬೀಳುವ ದೇಶದವರಿಗೆ ಸರಿ. ಹೊಸಪೇಟೆಯಲ್ಲಿ ಡಿಸೆಂಬರಿನ ಮಧ್ಯಾಹ್ನವೂ ಬೆವರು ಬರುತ್ತದೆ. ನಮ್ಮ ಕಾಟವೇ ಬೇರೆ. ಸಂಡೂರಿನ ಅದಿರು ಲಾರಿಗಳು ಓಡಾಡುವ ರಸ್ತೆಯಲ್ಲಿ ಗಿಡದ ಎಲೆಗಳೂ ಕೆಂಪು. ಕಂಪ್ಲಿ ಕಡೆ ಭತ್ತದ ಕೊಯ್ಲಿನ ಯಂತ್ರದ ಹಿಂದೆ ಹೊಟ್ಟು ಹಾರುತ್ತಿರುತ್ತದೆ. ಇಂಥ ಒಂದು ಕಣ ರೀಲಿನ ಡಬ್ಬಿಯ ಬಾಯಲ್ಲಿರುವ ಮಖಮಲ್ಲಿಗೆ ಸಿಕ್ಕಿಕೊಂಡರೆ ಸಾಕು, ಫಿಲ್ಮ್ ಸರಿದಷ್ಟೂ ಗೀರುತ್ತಲೇ ಹೋಗುತ್ತದೆ. ತೊಳೆದು ನೋಡಿದರೆ 36 ಚಿತ್ರಗಳ ಉದ್ದಕ್ಕೂ ಒಂದೇ ನೇರ ಗೆರೆ! ಮಳೆಹನಿಯನ್ನಾದರೆ ಒರೆಸಿಬಿಡಬಹುದಿತ್ತು.

ಹಾಗಂತ ಸಿಕ್ಕ ವೆದರ್‌ಪ್ರೂಫ್ ಕ್ಯಾಮೆರಾವನ್ನೆಲ್ಲ ಹೊಗಳಲಾರೆ. 1997ರ ಒಲಿಂಪಸ್ ಮ್ಯೂ-2 ಜೇಬಿಗೆ ಹಿಡಿಸುತ್ತದೆ, ಗಟ್ಟಿಯಾಗಿಯೂ ಇದೆ. ಆದರೆ ಅದರ ಲೆನ್ಸಿಗೆ ಫಿಲ್ಟರ್ ತಿರುಗಿಸಿ ಕೂರಿಸಲು ಜಾಗವಿಲ್ಲ. ಸಂಡೂರಿನಲ್ಲಿ ಫಿಲ್ಟರ್ ಇಲ್ಲದೆ ಕಪ್ಪು-ಬಿಳುಪು ಹಿಡಿಯುವುದು ವ್ಯರ್ಥ. ಕಣ್ಣಿಗೆ ಕೆಂಪು ಗುಡ್ಡವೂ ಹಸಿರು ಕಾಡೂ ಬೇರೆಬೇರೆಯಾಗಿ ಕಂಡರೂ ಬರೀ ಫಿಲ್ಮಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಬೂದು. ಕೆಂಪು ಫಿಲ್ಟರ್ ಹಾಕಿದರೆ ಮಣ್ಣು ಬೆಳ್ಳಗಾಗುತ್ತದೆ, ಮರ ಮತ್ತು ನೀಲಿ ಆಕಾಶ ಕಪ್ಪೇರುತ್ತವೆ. ಛಾಯಾಗ್ರಾಹಕ ಗ್ರೀನ್‌ಲಾ 1856ರಲ್ಲಿ ಹಂಪಿಯನ್ನು ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಹಿಡಿದಾಗ ಆ ಕಾಗದಕ್ಕೆ ಗೊತ್ತಾಗುತ್ತಿದ್ದುದು ಮುಖ್ಯವಾಗಿ ನೀಲಿ. ಹಳೆಯ ಚಿತ್ರಗಳ ಬೋಳು ಆಕಾಶಕ್ಕೆ ಅದೇ ಕಾರಣ. ಆತನಿಗಿಲ್ಲದ ಆಯ್ಕೆ ನಮಗಿದೆ.

ಕೆಂಪು ಫಿಲ್ಟರ್ ಸುಮಾರು 3 ಸ್ಟಾಪ್ ಬೆಳಕು ನುಂಗುತ್ತದೆ; 400ರ ಫಿಲ್ಮನ್ನು 50 ಎಂದು ಲೆಕ್ಕ ಹಾಕಬೇಕು. ಅದಕ್ಕೆ ಮಧ್ಯಾಹ್ನದ ಬಿಸಿಲೇ ಅನುಕೂಲ. ಹತ್ತರಿಂದ ನಾಲ್ಕರ ತನಕ ಕ್ಯಾಮೆರಾ ತೆಗೆಯಬಾರದೆಂಬ ನಿಯಮ ಇಲ್ಲಿ ಡಿಸೆಂಬರಿಗೆ ಹೊಂದುವುದಿಲ್ಲ. ಆಗ ನಡುಹಗಲಲ್ಲೂ ಸೂರ್ಯ ದಕ್ಷಿಣಕ್ಕೆ ವಾಲಿ, 51 ಡಿಗ್ರಿಯಷ್ಟೇ ಎತ್ತರದಲ್ಲಿರುತ್ತಾನೆ. ಹಂಪಿಯ ಹಜಾರರಾಮ ಗುಡಿಯ ಪ್ರಾಕಾರದ ದಕ್ಷಿಣದ ಗೋಡೆಯ ಮೇಲೆ ಬೆಳಕು ಓರೆಯಾಗಿ ಬಿದ್ದು, ಆನೆ, ಕುದುರೆ, ಕುಣಿಯುವ ಹೆಂಗಸರ ಸಾಲುಗಳು ಒಂದೊಂದೂ ತನ್ನ ನೆರಳಿನಿಂದ ಎದ್ದು ಕಾಣುತ್ತವೆ.

ಹಾಗಾಗಿ ನನ್ನ ಮತ ಫಿಲ್ಟರ್ ಹಿಡಿಯುವ, ಧೂಳು ತಡೆಯುವ ಕ್ಯಾಮೆರಾಕ್ಕೆ. 1980ರ ಪೆಂಟಾಕ್ಸ್ ಎಲ್‌ಎಕ್ಸ್ ಅಂಥದ್ದು. ಹಳೆಯದನ್ನು ಕೊಳ್ಳುವವರು ರಬ್ಬರ್ ಸೀಲುಗಳನ್ನು ಮೊದಲು ಬದಲಾಯಿಸಿಕೊಳ್ಳಲಿ. ಸೀಲು ಕಾಯುವುದೂ ಮುಚ್ಚಿರುವ ಕ್ಯಾಮೆರಾವನ್ನು ಮಾತ್ರ. ಸಂಡೂರಿಗೆ ಹೋಗುವವರು ಹೊಸಪೇಟೆಯಲ್ಲೇ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಹೊಸ ರೀಲು ಹಾಕಿಕೊಳ್ಳಿ. ಲಾರಿ ರಸ್ತೆಯಲ್ಲಿ ರೀಲು ಮುಗಿದರೆ, ಎದುರಿಗೆ ಎಂಥ ನೋಟವಿದ್ದರೂ ಕ್ಯಾಮೆರಾ ತೆರೆಯಬೇಡಿ.