ಕರ್ತೃಪದವಿಲ್ಲದ ಬೆಳಕು

ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲಿ ಒಂದು ಚಿತ್ರವಿತ್ತು: ಗಾಜಿನ ಜಾಡಿಯೊಳಗೆ ವಿದ್ಯುತ್ ಗಂಟೆ. ಪಂಪಿನಿಂದ ಗಾಳಿ ಹೊರತೆಗೆದಂತೆ ಸದ್ದು ಅಡಗುತ್ತದೆ. ಶಬ್ದಕ್ಕೆ ಮಾಧ್ಯಮ ಬೇಕು ಎಂಬುದು ಪಾಠ. ಸದ್ದಡಗಿದ ಮೇಲೂ ಗಂಟೆ ಕಣ್ಣಿಗೆ ಕಾಣುತ್ತಲೇ ಇರುತ್ತದಲ್ಲ, ಆ ಬಗ್ಗೆ ಪಾಠ ಏನೂ ಹೇಳಲಿಲ್ಲ. ಗಾಳಿಯಿಲ್ಲದ ಜಾಡಿಯನ್ನು ಬೆಳಕು ಹೇಗೆ ದಾಟಿತು? ಈ ಪ್ರಶ್ನೆಯನ್ನು ಇಟ್ಟುಕೊಂಡೇ ನಾನು ಐನ್‌ಸ್ಟೈನ್ ಮತ್ತು ಲಿಯೊಪೋಲ್ಡ್ ಇನ್‌ಫೆಲ್ಡ್ 1938ರಲ್ಲಿ ಪ್ರಕಟಿಸಿದ 'ದಿ ಎವಲ್ಯೂಷನ್ ಆಫ್ ಫಿಸಿಕ್ಸ್' ಓದಿದ್ದೆ. ಈಚೆಗೆ ಮತ್ತೆ ಓದಿದಾಗ ಮೆಚ್ಚುಗೆಯ ಜೊತೆಗೆ ಒಂದು ತಕರಾರೂ ಹುಟ್ಟಿತು.

ಪತ್ತೇದಾರಿ ಕಥೆಯ ಹೋಲಿಕೆಯಿಂದ ಶುರುವಾಗುವ ಈ ಪುಸ್ತಕ ಸಾಮಾನ್ಯ ಓದುಗರಿಗಾಗಿ ಬರೆದದ್ದು. ಕಥೆಯಲ್ಲಿ ಬಹಳ ಹೊತ್ತು ಕಾಡುವ ಪಾತ್ರ ಈಥರ್. ಬೆಳಕು ಅಲೆ ಎಂದು ಒಪ್ಪಿದೊಡನೆ ಯಾವುದರ ಅಲೆ ಎಂಬ ಪ್ರಶ್ನೆ ಏಳುತ್ತದೆ. ಕೆರೆಯ ಅಲೆಗೆ ನೀರಿದೆ, ಸದ್ದಿಗೆ ಗಾಳಿಯಿದೆ. ಬೆಳಕಿಗಾಗಿ ಹತ್ತೊಂಬತ್ತನೆಯ ಶತಮಾನದ ವಿಜ್ಞಾನಿಗಳು ವಿಶ್ವವನ್ನೆಲ್ಲ ಈಥರ್‌ನಿಂದ ತುಂಬಿದರು. ಬೆಳಕಿನದು ಅಡ್ಡ ಅಲೆಯಾದ್ದರಿಂದ ಈಥರ್ ಘನವಸ್ತುವಿನಂತೆ ಬಿಗಿಯಾಗಿರಬೇಕು. ಆದರೂ ಗ್ರಹಗಳು ಅದರೊಳಗೆ ತಡೆಯಿಲ್ಲದೆ ಸಾಗಬೇಕು! ಭೂಮಿ ಸೆಕೆಂಡಿಗೆ ಸುಮಾರು 30 ಕಿ.ಮೀ. ವೇಗದಲ್ಲಿ ಓಡುವಾಗ ಬೀಸಬೇಕಿದ್ದ 'ಈಥರ್ ಗಾಳಿ'ಯನ್ನು 1887ರಲ್ಲಿ ಮೈಕೆಲ್‌ಸನ್ ಮತ್ತು ಮಾರ್ಲಿ ಹುಡುಕಿದರು. ನಿರೀಕ್ಷಿಸಿದ ವ್ಯತ್ಯಾಸ ಸಿಗಲಿಲ್ಲ.

ಈ ಭಾಗದ ನಿರೂಪಣೆ ಸೊಗಸಾಗಿದೆ. ಈಥರನ್ನು ನಂಬಿದವರು ದಡ್ಡರೆಂದು ಲೇಖಕರು ತೋರಿಸುವುದಿಲ್ಲ. ಆ ನಂಬಿಕೆ ಎಷ್ಟು ಸಹಜವಾಗಿತ್ತೆಂದು ನಮಗೂ ಅನ್ನಿಸುತ್ತದೆ.

ತಕರಾರಿರುವುದು ತೀರ್ಪಿನಲ್ಲಿ. ಈಥರ್ ಹೆಸರೆತ್ತುವುದು ಇನ್ನು ಬೇಡ, ಅಲೆಗಳನ್ನು ಸಾಗಿಸುವ ಗುಣ ಖಾಲಿ ಜಾಗಕ್ಕೇ ಇದೆ ಎಂದುಕೊಳ್ಳೋಣ ಎನ್ನುತ್ತಾರೆ. ಈ ಮಾತಿನ ಅರ್ಥಕ್ಕಾಗಿ ತೀರಾ ತಲೆಕೆಡಿಸಿಕೊಳ್ಳಬೇಡಿ ಎಂಬ ಸಲಹೆಯೂ ಮೊದಲೇ ಬಂದಿರುತ್ತದೆ. ಹೊರುವವನ ಹೆಸರು ಬದಲಾಯಿತೇ ಹೊರತು, ಹೊರುವವನೊಬ್ಬ ಬೇಕೆಂಬ ಹಟ ಹೋಗಲಿಲ್ಲ.

ಇದಕ್ಕಿಂತ ದಿಟ್ಟ ಉತ್ತರ ಅದೇ ಪುಸ್ತಕದಲ್ಲಿದೆ. ಮ್ಯಾಕ್ಸ್‌ವೆಲ್ ಸಿದ್ಧಾಂತವನ್ನು ವಿವರಿಸುವ ಪುಟಗಳನ್ನು ನೋಡಿ: ವಿದ್ಯುತ್ ಕ್ಷೇತ್ರ ಬದಲಾದರೆ ಕಾಂತಕ್ಷೇತ್ರ ಹುಟ್ಟುತ್ತದೆ, ಕಾಂತಕ್ಷೇತ್ರ ಬದಲಾದರೆ ವಿದ್ಯುತ್ ಕ್ಷೇತ್ರ. ಕ್ಷೇತ್ರವೆಂಬುದು ಲೆಕ್ಕದ ಅನುಕೂಲಕ್ಕೆ ಮಾಡಿಕೊಂಡ ಕಲ್ಪನೆಯಲ್ಲ, ನಿಜವಾಗಿ ಇರುವಂಥದ್ದು ಎಂದು ಲೇಖಕರೇ ವಾದಿಸುತ್ತಾರೆ. ಹಾಗಾದರೆ ಅಲೆಯಾಡುವುದು ಕ್ಷೇತ್ರವೇ. ಅದನ್ನು ಹೊರಲು ಇನ್ನೊಂದು ಬೇಕಿಲ್ಲ. ಈ ಮಾತನ್ನು ಈಥರ್‌ನ ತೀರ್ಪಿನ ಜಾಗದಲ್ಲೇ ಒತ್ತಿ ಹೇಳಬೇಕಿತ್ತು.

ಖಾಲಿ ಜಾಗಕ್ಕೂ ಭೌತಿಕ ಗುಣಗಳಿವೆ ಎಂದು ಐನ್‌ಸ್ಟೈನ್ 1920ರ ಲೈಡನ್ ಉಪನ್ಯಾಸದಲ್ಲೇ ವಾದಿಸಿದ್ದರು. ಆದ್ದರಿಂದ ಇದು ಕೈತಪ್ಪಿನ ಮಾತಲ್ಲ. ಆದರೆ ಅಲ್ಲಿನ ವಾದ ಮುಖ್ಯವಾಗಿ ಗುರುತ್ವವನ್ನು ಕುರಿತದ್ದು. ಜಾಡಿಯ ಮುಂದೆ ನಿಂತ ಓದುಗನ ಪ್ರಶ್ನೆ ಬೇರೆ.

ಬ್ರಿಟನ್ನಿನ ಪ್ರಧಾನಿಯಾಗಿದ್ದ ಲಾರ್ಡ್ ಸಾಲ್ಸ್‌ಬರಿ 1894ರಲ್ಲಿ ಆಕ್ಸ್‌ಫರ್ಡಿನ ವಿಜ್ಞಾನ ಸಭೆಯಲ್ಲಿ, 'ಅಲೆಯಾಡು' ಎಂಬ ಕ್ರಿಯಾಪದಕ್ಕೆ ಕರ್ತೃಪದ ಒದಗಿಸುವುದೇ ಈಥರ್ ಎಂಬ ಪದದ ಮುಖ್ಯ ಕೆಲಸ ಎಂಬರ್ಥದಲ್ಲಿ ಚುಚ್ಚಿದ್ದರು. ನಮ್ಮಲ್ಲಿ ಬೆಳಿಗ್ಗೆ ಎದ್ದು 'ಬೆಳಕಾಯಿತು' ಎನ್ನುತ್ತೇವೆ. ಯಾವುದು ಬೆಳಕಾಯಿತು ಎಂದು ಯಾರೂ ಕೇಳುವುದಿಲ್ಲ. ವ್ಯಾಕರಣದಿಂದ ಭೌತಶಾಸ್ತ್ರ ಸಿದ್ಧವಾಗುವುದಿಲ್ಲ, ನಿಜ. ಆದರೆ ಬೆಳಕಿಗೆ ಕೆರೆಯ ಅಲೆಯ ಹೋಲಿಕೆ ಕೊಟ್ಟು ಅಲ್ಲಿಗೇ ಬಿಟ್ಟರೆ, ಓದುಗ ಆ ನೀರನ್ನು ನಕ್ಷತ್ರಗಳ ನಡುವೆಯೂ ಹುಡುಕುತ್ತಾನೆ. ಹೋಲಿಕೆ ಎಲ್ಲಿಗೆ ಮುಗಿಯುತ್ತದೆಂದು ಹೇಳುವುದೂ ಬರೆಯುವವರ ಹೊಣೆ.

ಇಷ್ಟಾದರೂ ವಿದ್ಯಾರ್ಥಿಗಳಿಗೆ ನಾನು ಮೊದಲು ಸೂಚಿಸುವುದು ಈ ಪುಸ್ತಕವನ್ನೇ. ಕ್ಷೇತ್ರದ ಪುಟಗಳನ್ನು ಎರಡು ಸಲ ಓದಿ. 'ತಲೆಕೆಡಿಸಿಕೊಳ್ಳಬೇಡಿ' ಎಂಬ ಸಲಹೆ ಬಂದಾಗ ಮಾತ್ರ, ಸ್ವಲ್ಪ ತಲೆಕೆಡಿಸಿಕೊಳ್ಳಿ.