ಹರಕೆಯಿಲ್ಲದ ಪ್ರಯಾಣ

ನನ್ನ ತವರು ಕಾನಹೊಸಹಳ್ಳಿ. ಹಾಗೆಂದರೆ ಹೊರಗಿನವರಿಗೆ ಸುಲಭಕ್ಕೆ ತಿಳಿಯುವುದಿಲ್ಲ. ಹೊಸಪೇಟೆಯಿಂದ ಚಿತ್ರದುರ್ಗಕ್ಕೆ ಹೋಗುವಾಗ ಕೂಡ್ಲಿಗಿ ಆದ ಮೇಲೆ ಸಿಗುತ್ತದಲ್ಲ ಎಂದರೆ, "ಓ, ಅಲ್ಲಿ ಒಮ್ಮೆ ಚಹಾ ಕುಡಿದಿದ್ದೆವು" ಎನ್ನುತ್ತಾರೆ. ನಾನು ಚಿಕ್ಕವಳಿದ್ದಾಗ ಆ ಹೆದ್ದಾರಿಗೆ 13 ಎಂಬ ಸಂಖ್ಯೆ ಇತ್ತು, ಈಗ 50. ಸಂಖ್ಯೆ ಬದಲಾಯಿತು, ರಸ್ತೆ ಅಗಲವಾಯಿತು. ನಮ್ಮೂರು ಮಾತ್ರ ದಾಟಿ ಹೋಗುವ ಊರಾಗಿಯೇ ಉಳಿಯಿತು.

ಹೀಗಿರುವಾಗ ಒಂದು ಭಾನುವಾರದ ಪುರವಣಿಯಲ್ಲಿ ನಮ್ಮ ಸೀಮೆಯ ಹೆಸರು ಕಂಡು ನನಗೆ ಹಿಗ್ಗೋ ಹಿಗ್ಗು. ರಜೆಗೆ ಎಲ್ಲರೂ ಹೋಗುವ ಜಾಗ ಬಿಟ್ಟು ಬೇರೆಲ್ಲಿಗೆ ಹೋಗಬಹುದು ಎಂದು ತಿಳಿಸುವ ಲೇಖನ ಅದು. ಅದರಲ್ಲಿ ಗುಡೇಕೋಟೆ ಇತ್ತು, ಉಜ್ಜಿನಿ ಇತ್ತು, ಹರಪನಹಳ್ಳಿ ಹತ್ತಿರದ ಬಾಗಳಿಯೂ ಇತ್ತು. ಎರಡು ಸಲ ಓದಿದೆ. ಎರಡನೆಯ ಸಲ ಓದುವಾಗ ಹಿಗ್ಗು ಇಳಿದು ಮನಸ್ಸು ಸ್ವಲ್ಪ ಹುಳ್ಳಗಾಯಿತು. ಕಾರಣ ಒಂದೇ ಒಂದು ಮಾತು. ಇವು ಯಾರೂ ಕಾಣದ ತಾಣಗಳಂತೆ.

ಯಾರೂ ಕಾಣದ ಎಂದರೇನು? ಗುಡೇಕೋಟೆಯಲ್ಲಿ ಜನ ಇಲ್ಲವೇ? ಆ ಬಂಡೆಗಳ ನಡುವೆ ಕುರಿ ಮೇಯಿಸುವ ಹುಡುಗ, ಸೌದೆಗೆ ಹೋಗುವ ಹೆಂಗಸು, ಸೀತಾಫಲ ಕಿತ್ತು ಬುಟ್ಟಿ ತುಂಬುವ ಮುದುಕಿ, ಇವರ ಕಣ್ಣು ಕಣ್ಣಲ್ಲವೇ? ಪ್ರವಾಸದ ಬರಹಗಳನ್ನು ನಾನು ಬಹಳ ವರ್ಷಗಳಿಂದ ಓದುತ್ತ ಬಂದವಳು. ಹೋಗಲಾಗದವರೇ ಅವನ್ನು ಹೆಚ್ಚು ಓದುವುದು. ಈ ಬರಹಗಳಲ್ಲಿ ಊರು ಹುಟ್ಟುವುದು ಲೇಖಕರ ಕಾರು ಅಲ್ಲಿ ನಿಂತ ಗಳಿಗೆಯಲ್ಲಿ. ಅಲ್ಲಿಯವರೆಗೆ ಅದು ಪ್ರಕೃತಿಯ ಮಡಿಲಲ್ಲಿ ಮಲಗಿರುತ್ತದೆ. ಇನ್ನೊಂದು ಚಾಳಿಯೂ ಇದೆ. ಯಾವ ಊರನ್ನೂ ಅದರ ಹೆಸರಿನಿಂದ ಹೊಗಳುವುದಿಲ್ಲ. ಹಾಸನವನ್ನು ಬಡವರ ಊಟಿ ಎಂದದ್ದು ಹಳೆಯ ಕಥೆ. ಈಗ ಎರಡು ಗುಡ್ಡ, ಒಂದು ಹಳ್ಳ ಇದ್ದರೆ ಸಾಕು, ಕಾಶ್ಮೀರವೋ ಸ್ವಿಟ್ಜರ್‌ಲೆಂಡೋ ಆಗಿಬಿಡುತ್ತದೆ. ಬಿಸಿಲು ನಾಡಿನ ನಮ್ಮ ಬೋಳುಗುಡ್ಡಗಳಿಗೆ ಹಾಗೆ ಹೇಳಲು ಬಾಯಿ ಬರದ್ದರಿಂದ 'ಯಾರೂ ಕಾಣದ' ಎಂದರೇನೋ.

ಇರಲಿ. ಬರೀ ಗೊಣಗುವುದಕ್ಕಿಂತ ಲೇಖನ ಹಿಡಿದು ಹೋಗಿಯೇ ನೋಡೋಣ ಎನಿಸಿತು. ಅಡುಗೆ ಪುಸ್ತಕ ಚೆನ್ನಾಗಿದೆಯೋ ಇಲ್ಲವೋ ಎಂದು ತಿಳಿಯುವುದು ಒಲೆ ಹಚ್ಚಿದ ಮೇಲೆಯೇ. 2024ರ ಕಾರ್ತಿಕ ಮುಗಿದ ಮೇಲೆ ತವರಿಗೆ ಹೋದವಳು ನಮ್ಮ ಚಿಗವ್ವನನ್ನೂ ಅತ್ತಿಗೆಯನ್ನೂ ಹೊರಡಿಸಿದೆ. ಪಕ್ಕದ ಮನೆಯ ಅಕ್ಕ ತಾನಾಗಿಯೇ ಸೇರಿಕೊಂಡಳು. ಬಸ್ಸಿನ ಖರ್ಚಿಲ್ಲ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಸೊನ್ನೆ ರೂಪಾಯಿ ಟಿಕೀಟು. ಆಗ ಕೆಲವರು ಎಷ್ಟು ನಕ್ಕರು! ಹೆಂಗಸರೆಲ್ಲ ಮನೆ ಬಿಟ್ಟು ಬಸ್ಸು ಹತ್ತಿದರಂತೆ, ಒಲೆ ಆರಿತಂತೆ. ರಜೆಯಲ್ಲಿ ಅಪರೂಪದ ಅನುಭವ ಪಡೆಯಿರಿ ಎಂದು ಉಪದೇಶಿಸುವವರಿಗೆ, ಮೊದಲ ಸಲ ಕಿಟಕಿಯ ಪಕ್ಕ ಕೂತು ಬೇರೆ ಊರು ಕಂಡ ಆ ಹೆಂಗಸರ ಅನುಭವ ಯಾಕೆ ಅಪರೂಪದ್ದು ಅನಿಸಲಿಲ್ಲವೋ ಕಾಣೆ.

ಹೊರಡುವ ಮುನ್ನವೇ ತಕರಾರು ಶುರುವಾಯಿತು. ಅಣ್ಣ ಕೇಳಿದ:

"ಯಾವ ದೇವ್ರ ಹರಕಿ?"

"ಹರಕಿ ಏನೂ ಇಲ್ಲಣ್ಣ. ನೋಡಿ ಬರ್ತೀವಿ."

"ನೋಡಾಕ ಏನೈತಿ ಅಲ್ಲಿ?"

ಅವನದು ಕೆಟ್ಟ ಮನಸ್ಸಲ್ಲ. ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ನಮ್ಮ ಕಡೆ ಹೆಂಗಸರು ತಿರುಗುವುದಿಲ್ಲ ಎಂದಲ್ಲ. ಕೊಟ್ಟೂರು ತೇರಿಗೆ ಹೋಗುತ್ತಾರೆ. ಭಾರತ ಹುಣ್ಣಿಮೆಯ ಹೊತ್ತಿಗೆ ಹಡಗಲಿ ಕಡೆಯ ಮೈಲಾರಕ್ಕೆ ಹೋಗಿ, ಗೊರವಪ್ಪ ಬಿಲ್ಲೇರಿ ಕಾರಣಿಕ ನುಡಿಯುವುದನ್ನು ಲಕ್ಷ ಜನರ ನಡುವೆ ನಿಂತು ಕೇಳುತ್ತಾರೆ. ಉಚ್ಚಂಗಿದುರ್ಗದ ಗುಡ್ಡ ಹತ್ತುತ್ತಾರೆ. ಆದರೆ ಪ್ರತಿ ಪ್ರಯಾಣಕ್ಕೂ ಹರಕೆ, ಮದುವೆ, ಬಾಣಂತನ ಅಥವಾ ಸಾವು, ಇವುಗಳಲ್ಲಿ ಒಂದರ ರಹದಾರಿ ಬೇಕು. ನಮ್ಮ ಚಿಗವ್ವನಿಗೆ ಅರವತ್ತೆಂಟು. ಸುಮ್ಮನೆ, ನೋಡಲೆಂದೇ, ಅವಳು ಒಂದು ದಿನವೂ ಮನೆ ಬಿಟ್ಟು ಹೋದದ್ದಿಲ್ಲ. ಪುರವಣಿಯವರು ವಿಚಿತ್ರ ಪ್ರವಾಸಗಳ ಪಟ್ಟಿ ಮಾಡುವಾಗ ಇದನ್ನು ಮೊದಲು ಹಾಕಬೇಕು.

ಮೊದಲ ದಿನ ಕೊಟ್ಟೂರಿಗೆ ಹೋಗಿ ಅಲ್ಲಿಂದ ಉಜ್ಜಿನಿ. ಪಂಚಪೀಠಗಳಲ್ಲಿ ಒಂದಾದ ಊರು. ಮರುಳಸಿದ್ಧೇಶ್ವರನ ಗುಡಿಯ ಶಿಖರಕ್ಕೆ ವರ್ಷಕ್ಕೊಮ್ಮೆ ಎಣ್ಣೆ ಎರೆಯುತ್ತಾರೆ. ನಮ್ಮೂರ ಕಡೆಯ ಜರಿಮಲೆ ಪಾಳೇಗಾರರ ಮನೆತನದಿಂದ ಅದಕ್ಕೆ ಎಣ್ಣೆ ಹೋಗುವ ಪದ್ಧತಿ. ಲೇಖನದಲ್ಲಿ ಈ ಎಣ್ಣೆಯ ಸಂಗತಿ ಇತ್ತು, ಫೋಟೋ ಸಹ ಇತ್ತು. ಆದರೆ ನಮ್ಮ ಸೀಮೆಯ ಮಕ್ಕಳಿಗೂ ಬರುವ ಒಂದು ಗಾದೆ ಇರಲಿಲ್ಲ: ಹಂಪಿ ಹೊರಗ ನೋಡು, ಉಜ್ಜಿನಿ ಒಳಗ ನೋಡು.

ನನ್ನ ಮಟ್ಟಿಗೆ ನಮ್ಮ ಕಡೆಯ ಪ್ರವಾಸ ಸಾಹಿತ್ಯದಲ್ಲಿ ಇದಕ್ಕಿಂತ ಒಳ್ಳೆಯ ಬರಹ ಇಲ್ಲ. ಒಂದೂ ಗುಣವಾಚಕ ಇಲ್ಲ, ಸ್ವರ್ಗ ಇಲ್ಲ, ಪುಳಕ ಇಲ್ಲ. ಎಲ್ಲಿ ನಿಂತು ಎತ್ತ ನೋಡಬೇಕು ಎಂದಷ್ಟೇ ಹೇಳುತ್ತದೆ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಹಂಪಿಯನ್ನೂ ಯಾರ ಪಟ್ಟಿಯಲ್ಲೂ ಇಲ್ಲದ ಉಜ್ಜಿನಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿ, ಯಾವುದನ್ನೂ ಹೀನಾಯ ಮಾಡದೆ ಇಡುತ್ತದೆ. ಹಂಪಿಯಲ್ಲಿ ನಡೆದು ನಡೆದು ನೋಡಬೇಕು. ಉಜ್ಜಿನಿಯಲ್ಲಿ ಹೊರಗಿನಿಂದ ನೋಡಿದವನಿಗೆ ಹೆಚ್ಚೇನೂ ದಕ್ಕುವುದಿಲ್ಲ. ಒಳಗೆ ಹೋಗಿ, ಕತ್ತಲೆಗೆ ಕಣ್ಣು ಹೊಂದಿಕೊಳ್ಳುವವರೆಗೆ ಕಾಯಬೇಕು. ಆಮೇಲೆ ಕಂಬಗಳು, ಮೇಲಿನ ಭುವನೇಶ್ವರಿಯ ಕೆತ್ತನೆ ಒಂದೊಂದಾಗಿ ಮೂಡುತ್ತವೆ.

ಚಿಗವ್ವ ಮೊದಲು ಕೈ ಮುಗಿದಳು. ಪ್ರದಕ್ಷಿಣೆ ಮುಗಿಸಿ, "ನಡೀರಿ, ಆತಲ್ಲ" ಎಂದಳು. ಅವಳ ಪಾಲಿಗೆ ಗುಡಿಯಲ್ಲಿ ಇನ್ನು ಕೆಲಸವಿರಲಿಲ್ಲ. "ಇಲ್ಲ ಚಿಗವ್ವ, ಇವತ್ತು ಬೇಡಿಕೊಳ್ಳಾಕ ಬಂದಿಲ್ಲ, ನೋಡಾಕ ಬಂದೀವಿ. ಮ್ಯಾಲೆ ನೋಡು" ಎಂದೆ. ಕುತ್ತಿಗೆ ನೋವು ಎಂದು ಕಂಬಕ್ಕೆ ಒರಗಿ ಕೂತಳು. ಬಹಳ ಹೊತ್ತು ಮಾತಿಲ್ಲ. ಆಮೇಲೆ ನಿಧಾನಕ್ಕೆ ಹೇಳಿದಳು: "ಚಿಕ್ಕಾಕಿ ಇದ್ದಾಗಿಂದ ಎಷ್ಟು ಸಲ ಬಂದೀನಿ. ಒಂದು ಸಲನೂ ಮ್ಯಾಲೆ ನೋಡಿಲ್ಲ ನೋಡು." ತಲೆ ತಗ್ಗಿಸಿ ಬಂದು ತಲೆ ತಗ್ಗಿಸಿ ಹೋಗಿದ್ದಳು. ಆ ಮಾತು ಕೇಳಿ ಲೇಖನದ ಮೇಲಿನ ನನ್ನ ಸಿಟ್ಟು ಅರ್ಧ ಇಳಿಯಿತು ಎಂದೂ ಹೇಳಬೇಕು. ಯಾರೂ ಕಾಣದ ಎಂಬುದು ಪೂರ್ತಿ ಸುಳ್ಳಲ್ಲ. ನಾವು ಅಲ್ಲಿಯೇ ಇದ್ದೂ ಕಾಣದೆ ಹೋದದ್ದು ಬಹಳ. ಆದರೆ ನಮಗೆ ನೋಡುವ ಪುರುಸೊತ್ತು ಯಾರು ಕೊಟ್ಟಿದ್ದರು ಎಂದು ಲೇಖನ ಕೇಳುವುದಿಲ್ಲ.

ಬಾಗಳಿಯನ್ನು ನಾವು ಬಿಟ್ಟೆವು. ನಾನು ಹಿಂದೊಮ್ಮೆ ನೋಡಿದ್ದೆ. ಹತ್ತನೆಯ ಶತಮಾನದ ಕಲ್ಲೇಶ್ವರ ಗುಡಿ, ಎಣಿಸಿ ಮುಗಿಯದಷ್ಟು ಚಂದದ ಕಂಬಗಳು. ಹೊರಗೋಡೆಯ ಮೇಲೆ ಮಿಥುನ ಶಿಲ್ಪಗಳಿವೆ. ಆ ಕಡೆ ಬಂದಾಗ ಸಂಸಾರಸ್ಥರೆಲ್ಲ ಒಮ್ಮೆಲೇ ಬಿರುಸಾಗಿ ನಡೆಯತೊಡಗುತ್ತಾರೆ. ಅತ್ತಿಗೆ, "ಹಂಗಾದ್ರ ಅದು ನಾವೇ ಹೋಗುವಂಥದ್ದು, ಗಂಡಸರನ್ನ ಕರಕೊಂಡು ಹೋಗಬಾರದು" ಎಂದು ನಕ್ಕಳು.

ಎರಡನೆಯ ದಿನ ಗುಡೇಕೋಟೆ. ಲೇಖನ ಇಲ್ಲಿ ಕರಡಿಗಳಿಂದ ತುಂಬಿತ್ತು. ದರೋಜಿಯ ಕರಡಿಧಾಮ 1994ರದು, ಹೆಸರಾದದ್ದು. ಗುಡೇಕೋಟೆಯ ಕಾಡು 2013ರಲ್ಲಿ ಕರಡಿಧಾಮವಾಯಿತು. ಆದ್ದರಿಂದ ಇಲ್ಲಿ ಗದ್ದಲವಿಲ್ಲ, ಮುಸ್ಸಂಜೆ ಬಂಡೆಯ ಮೇಲೆ ಕರಡಿ ಕಾಣುವುದೇ ಒಂದು ಅನುಭವ ಎಂಬ ಧಾಟಿ. ನಿಜವೇ. ಕರಡಿಗೆ ಬೇಕಾದ ಕಲ್ಲುಪೊಟರೆ, ಗೆದ್ದಲು, ಕಾರೆ, ಬಾರೆ, ಸೀತಾಫಲ ಎಲ್ಲ ಅಲ್ಲಿವೆ. ಅದು ಸಾಲದಾದಾಗ ಹೊಲದ ಶೇಂಗಾ, ಮೆಕ್ಕೆಜೋಳವೂ ಇದೆ. ಆದರೆ ನಮ್ಮ ಜೊತೆಗಿದ್ದ ಅಕ್ಕನಿಗೆ ಕರಡಿ ಎಂದರೆ ಬೇರೆಯೇ ಅನುಭವ. ಮನೆಯಲ್ಲಿ ಪಾಯಖಾನೆ ಇಲ್ಲದ ಕಾಲದಲ್ಲಿ ನಸುಕಿಗೆ ಮುಂಚೆ ಬಯಲಿಗೆ ಹೋಗುತ್ತಿದ್ದ ಹೆಂಗಸರು ನಾಲ್ಕು ಜನ ಸೇರಿ, ಜೋರಾಗಿ ಮಾತಾಡುತ್ತ ಹೋಗುತ್ತಿದ್ದರಂತೆ. ಮಾತಿನ ಚಟಕ್ಕಲ್ಲ, ಕರಡಿಗೆ ಕೇಳಲಿ ಎಂದು. ಇವತ್ತಿಗೂ ಬೆಳಗಿನ ಜಾವ ಹೊಲಕ್ಕೆ ಹೋದವರ ಮೇಲೆ ಕರಡಿ ಬಿದ್ದ ಸುದ್ದಿ ನಮ್ಮ ತಾಲ್ಲೂಕಿನಿಂದ ಬರುತ್ತಲೇ ಇರುತ್ತದೆ. ಆ ಸುದ್ದಿ ಜಿಲ್ಲಾ ಪುಟದಲ್ಲಿ, ಕರಡಿಯ ಸೊಗಸು ಭಾನುವಾರದ ಪುಟದಲ್ಲಿ. ಎರಡೂ ಪುಟ ಓದುವವರು ನಾವೇ.

ಕರಡಿ ಬೇಡ ಎಂದು ನಾನು ಹೇಳುತ್ತಿಲ್ಲ. ಕಾಡು ಅದರದೂ ಹೌದು. ಕೃಷ್ಣಾನಂದ ಕಾಮತರ 'ಬಸ್ತರ ಪ್ರವಾಸ' ನನಗೆ ಪ್ರಿಯವಾದ ಪುಸ್ತಕ. ಆದಿವಾಸಿಗಳ ನಡುವೆ ಓಡಾಡಿ ಬರೆದದ್ದು. ಅಲ್ಲಿ ಕಾಡಿನ ಜೊತೆಗೆ ಕಾಡಿನವರೂ ಇದ್ದಾರೆ. ನೇಮಿಚಂದ್ರ ಅವರ 'ಪೆರುವಿನ ಪವಿತ್ರ ಕಣಿವೆಯಲ್ಲಿ' ಓದಿದಾಗ, ಗೆಳತಿಯೊಬ್ಬಳ ಜೊತೆ ಹೆಣ್ಣುಮಗಳು ಅಷ್ಟು ದೂರ ಹೋಗಬಹುದಾದರೆ ನಾವು ಉಜ್ಜಿನಿಗೆ ಹೋಗಲಾರೆವೇ ಎನಿಸಿತ್ತು. ಒಂದು ಪ್ರವಾಸ ಕಥನದಿಂದ ಇಷ್ಟಾದರೂ ಆಗಬೇಕು. ಓದಿದವಳು ಚಪ್ಪಲಿ ಮೆಟ್ಟಬೇಕು.

ಆದರೆ ಮೆಟ್ಟಿದ ಮೇಲೆ? ನಮ್ಮ ಲೇಖನ ಕಾರಿನ ದಾರಿ ಹೇಳಿತ್ತು, ಬಸ್ಸಿನ ವೇಳೆ ಹೇಳಿರಲಿಲ್ಲ. ಕೊನೆಯ ಬಸ್ಸು ಎಷ್ಟಕ್ಕೆ ಎಂಬುದು ಹೆಂಗಸಿಗೆ ಕೋಟೆಯ ಎತ್ತರಕ್ಕಿಂತ ಮುಖ್ಯ. ಸೂರ್ಯಾಸ್ತ ನೋಡಲೇಬೇಕು ಎಂದಿತ್ತು. ಸೂರ್ಯ ಮುಳುಗಿದ ಮೇಲೆ ನಾಲ್ವರು ಹೆಂಗಸರು ಏನು ಮಾಡಬೇಕು ಎಂದು ಇರಲಿಲ್ಲ. ಇನ್ನು ಶೌಚದ ವಿಷಯ. ಎರಡೂ ದಿನ ನಾವು ನೀರು ಕುಡಿದದ್ದು ಲೆಕ್ಕ ಹಾಕಿ. ಮಧ್ಯಾಹ್ನ ಒಬ್ಬ ಪುಣ್ಯಾತ್ಗಿತ್ತಿ ತನ್ನ ಮನೆಗೆ ಕರೆದಳು, ಒಳಗೆ ಬಿಟ್ಟಳು, ಮೇಲೆ ಮಜ್ಜಿಗೆಯನ್ನೂ ಕೊಟ್ಟಳು. ಅವಳ ಮನೆಯ ಜಗುಲಿಯೇ ನಮಗೆ ಸಿಕ್ಕ ನಿಜವಾದ ಪ್ರವಾಸಿ ಬಂಗಲೆ.

ಮಜ್ಜಿಗೆ ಕೊಟ್ಟವಳೇ ಗುಡ್ಡದ ಕಡೆ ಕೈ ತೋರಿಸಿ, "ಓಬವ್ವನ ತವರುಮನಿ ಇದೇ ಊರು" ಎಂದಳು. ನಮ್ಮ ಕಡೆ ಎಲ್ಲರೂ ಹಾಗೆಯೇ ಹೇಳುವುದು. ಒನಕೆ ಓಬವ್ವ ಎಂದ ತಕ್ಷಣ ಚಿತ್ರದುರ್ಗದ ಕಿಂಡಿ, ನೀರಿಗೆ ಬಂದವಳು, ಉಣ್ಣಲು ಕೂತ ಗಂಡ, ಹೈದರಾಲಿಯ ಸೈನಿಕರು, ಎಲ್ಲವೂ ನೆನಪಾಗುತ್ತದೆ. ಬಸ್ಸುಗಟ್ಟಲೆ ಮಕ್ಕಳು ಆ ಕಿಂಡಿ ನೋಡಲು ಹೋಗುತ್ತಾರೆ. ಅವಳು ಓಡಾಡಿ ಬೆಳೆದ ಬಂಡೆಗಳಿವು ಎಂದು ಯಾವ ಬಸ್ಸೂ ಇಲ್ಲಿ ನಿಲ್ಲುವುದಿಲ್ಲ. ಗಂಡನ ಮನೆಯಲ್ಲಿ ಮಾಡಿದ್ದಷ್ಟೇ ಲೆಕ್ಕಕ್ಕೆ ಬಂತು. ಲೇಖನದವರು ಇಲ್ಲಿ ಒಂದು ಸಾಲಾದರೂ ನಿಲ್ಲಬಹುದಿತ್ತು. ಅವರು ಪಾಳೇಗಾರರ ಕೋಟೆ, ಕರಡಿ, ಸೂರ್ಯಾಸ್ತ ಎಂದು ಮೂರು ಹೆಜ್ಜೆಯಲ್ಲಿ ದಾಟಿದ್ದರು. ಅಕ್ಕ ಮಾತ್ರ ಬಂಡೆಗಳ ಕಡೆ ನೋಡುತ್ತ, "ಇಂಥಲ್ಲಿ ಹತ್ತಿ ಇಳಿದು ಬೆಳೆದಾಕಿಗೆ ರಟ್ಟಿ ಗಟ್ಟಿ ಇರದ ಏನ್ ಮಾಡ್ತಾವು" ಎಂದಳು.

ಬಿಸಿಲು ಇಳಿಯುವ ಮುಂಚೆಯೇ ಬಸ್ಸು ಹತ್ತಿದೆವು. ಕರಡಿ ಕಾಣಲಿಲ್ಲ, ಸೂರ್ಯಾಸ್ತ ಕಿಟಕಿಯಲ್ಲಿ ಕಂಡಿತು. ಬಸ್ಸಿನಲ್ಲಿ ನಾನು ಅಂಕಸಮುದ್ರದ ಸುದ್ದಿ ತೆಗೆದೆ. ಹಗರಿಬೊಮ್ಮನಹಳ್ಳಿ ಹತ್ತಿರದ ಆ ಕೆರೆಗೆ ಸಾವಿರಗಟ್ಟಲೆ ಹಕ್ಕಿ ಬರುತ್ತವೆ. 2024ರಲ್ಲಿ ಅದಕ್ಕೆ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು, ಎಂದರೆ ಜಗತ್ತಿನ ಮುಖ್ಯ ಜೌಗು ನೆಲಗಳ ಸಾಲಿಗೆ ಸೇರಿತು. ಬಣ್ಣದ ಕೊಕ್ಕರೆಗಳು ಅಲ್ಲಿಯೇ ಗೂಡು ಕಟ್ಟಿ ಬಾಣಂತನ ಮುಗಿಸಿಕೊಂಡು ಹೋಗುತ್ತವೆ ಎಂದೆ. ಚಿಗವ್ವನಿಗೆ ಆ ಮಾತು ಹಿಡಿಸಿತು. "ಹೋಗಾನ" ಎಂದಳು. ಸ್ವಲ್ಪ ದೂರ ಹೋದ ಮೇಲೆ ಅವಳಿಗೆ ಚಿಂತೆ ಹತ್ತಿತು.

"ಅಲ್ಲಾ, ಮನ್ಯಾಗ ಏನಂತ ಹೇಳಾದು? ಅಲ್ಲಿ ಯಾವ ದೇವ್ರು ಐತಿ?"

"ಹಕ್ಕಿ ನೋಡಾಕ ಅಂತ ಹೇಳು."

"ಹಂಗಂದ್ರ ಬಿಡ್ತಾರೇನ?" ಎಂದು ಅತ್ತಿಗೆಯ ಮುಖ ನೋಡಿದಳು. ಅತ್ತಿಗೆ ನನ್ನ ಮುಖ ನೋಡಿದಳು. ನಾನು ಕಂಡಕ್ಟರನನ್ನು ಕರೆದು ಹಗರಿಬೊಮ್ಮನಹಳ್ಳಿಗೆ ಬೆಳಿಗ್ಗೆ ಎಷ್ಟು ಗಂಟೆಗೆ ಬಸ್ಸು ಎಂದು ಕೇಳಿದೆ.